ನೆಲದೊಳಗಿನ ಚಿನ್ನಕ್ಕೆ ಷೇರುಪೇಟೆಯ ಬೆಲೆ

1880ರ ದಶಕದ ಆರಂಭದಲ್ಲಿ ಕೋಲಾರದ ಮೈಸೂರು ಗಣಿ ಕಂಪನಿಯ ಬಂಡವಾಳ ಬಹುಪಾಲು ಕರಗಿತ್ತು. ಉಳಿದ ಹಣ ಹಂಚಿಕೊಂಡು ಬಾಗಿಲು ಹಾಕೋಣ ಎಂದು ಲಂಡನ್ನಿನ ಷೇರುದಾರರಲ್ಲಿ ಹಲವರು ಹೇಳಿದರು. ಗಣಿ ಎಂಜಿನಿಯರುಗಳ ಜಾನ್ ಟೇಲರ್ ಸಂಸ್ಥೆ ಪಟ್ಟುಹಿಡಿದು ಅಗೆಸಿತು. ಚಾಂಪಿಯನ್ ಎಂಬ ಚಿನ್ನದ ಪದರ ಸಿಕ್ಕಿತು. ಷೇರಿನ ಬೆಲೆ ನೆಲ ಕಚ್ಚಿದ್ದಾಗಲೂ ಚಿನ್ನ ಕೆಳಗೇ ಇತ್ತು.

ಅನ್ವೇಷಣೆಯ ಹಂತದ ಸಣ್ಣ ಕಂಪನಿಗೆ ಉತ್ಪಾದನೆಯಿಲ್ಲ, ಲಾಭವಿಲ್ಲ. ಹಾಗಾದರೆ ಅದನ್ನು ತೂಗುವುದು ಯಾವುದರಿಂದ? ಮುಂದೆ ಅಮೆರಿಕದ ಅಧ್ಯಕ್ಷರಾದ ಗಣಿ ಎಂಜಿನಿಯರ್ ಹರ್ಬರ್ಟ್ ಹೂವರ್ 1909ರಲ್ಲೇ ಅದಿರನ್ನು ಖಚಿತವಾದದ್ದು, ಸಂಭವನೀಯವಾದದ್ದು, ಬರೀ ನಿರೀಕ್ಷೆಯದ್ದು ಎಂದು ಬೇರೆಮಾಡಿದ್ದರು. 1951ರಲ್ಲಿ ದಕ್ಷಿಣ ಆಫ್ರಿಕಾದ ಡ್ಯಾನಿ ಕ್ರಿಗೆ, ಕೆಲವೇ ಮಾದರಿಗಳಿಂದ ಇಡೀ ಪದರದಲ್ಲಿನ ಚಿನ್ನದ ಪ್ರಮಾಣ ಅಂದಾಜಿಸುವಾಗ ನುಸುಳುವ ತಪ್ಪನ್ನು ಸಂಖ್ಯಾಶಾಸ್ತ್ರದಿಂದ ತಿದ್ದುವ ದಾರಿ ತೋರಿದರು. ವಿದ್ಯೆ ಬೆಳೆಯಿತು, ಆದರೆ ಕಂಪನಿಗಳ ಬಾಯಿಗೆ ಕಡಿವಾಣ ಬೀಳಲಿಲ್ಲ. 1969ರ ಸೆಪ್ಟೆಂಬರಿನಲ್ಲಿ ಒಂದು ಡಾಲರಿಗೂ ಕಡಿಮೆಯಿದ್ದ ಆಸ್ಟ್ರೇಲಿಯಾದ ಪೊಸೈಡನ್ ಎಂಬ ನಿಕ್ಕಲ್ ಕಂಪನಿಯ ಷೇರು 1970ರ ಫೆಬ್ರುವರಿಗೆ 280 ಡಾಲರ್ ಮುಟ್ಟಿ, ಕುಸಿಯಿತು. ಆ ಪೆಟ್ಟಿನ ಫಲವೇ ಅದಿರಿನ ಅಂಕಿಯನ್ನು ಹೇಗೆ ವರದಿಮಾಡಬೇಕೆಂದು ಹೇಳುವ 1989ರ ಜೋರ್ಕ್ ಸಂಹಿತೆ.

ಅದಕ್ಕಿಂತ ದೊಡ್ಡ ಪಾಠ ಇಂಡೊನೇಷ್ಯಾದ ಬುಸಾಂಗ್‌ನಿಂದ ಬಂತು. ಕೆನಡಾದ ಬ್ರೆ-ಎಕ್ಸ್ ಅಲ್ಲಿ 7 ಕೋಟಿ ಔನ್ಸ್ ಚಿನ್ನವಿದೆ ಎಂದಿತು. ಕಂಪನಿಯ ಮಾರುಕಟ್ಟೆ ಮೌಲ್ಯ 600 ಕೋಟಿ ಕೆನಡಾ ಡಾಲರ್ ಮೀರಿತು. ಕೊರೆದು ತೆಗೆದ ಕಲ್ಲಿನ ಕಂಬವನ್ನು ಉದ್ದಕ್ಕೆ ಸೀಳಿ ಅರ್ಧವನ್ನು ಕಾದಿಡುವುದು ಈ ಕಸುಬಿನ ರೂಢಿ. ಬ್ರೆ-ಎಕ್ಸ್ ಪೂರ್ತಿ ಪುಡಿಮಾಡುತ್ತಿತ್ತು, ಮರುಪರೀಕ್ಷೆಗೆ ಏನೂ ಉಳಿಯುತ್ತಿರಲಿಲ್ಲ. ಅದೊಂದೇ ಸಂಗತಿ ಎಚ್ಚರಿಕೆಗೆ ಸಾಕಿತ್ತು ಎಂದು ನನಗನಿಸುತ್ತದೆ. 1997ರ ಮಾರ್ಚ್‌ನಲ್ಲಿ ಫ್ರೀಪೋರ್ಟ್ ಕಂಪನಿ ಹಳೆಯ ರಂಧ್ರಗಳ ಪಕ್ಕದಲ್ಲೇ ತಾನೂ ಕೊರೆದಾಗ ಲೆಕ್ಕಕ್ಕೆ ಹಿಡಿಯುವಷ್ಟು ಚಿನ್ನವಿರಲಿಲ್ಲ. ಮಾದರಿಗಳಿಗೆ ಹೊರಗಿನ ಚಿನ್ನ ಬೆರೆಸಿದ್ದನ್ನು ಸ್ಟ್ರಾಥ್‌ಕೋನಾ ಎಂಬ ಗಣಿ ಸಲಹಾ ಸಂಸ್ಥೆ ಮೇ ತಿಂಗಳಲ್ಲಿ ದೃಢಪಡಿಸಿತು. 2001ರಲ್ಲಿ ಕೆನಡಾ 43-101 ನಿಯಮ ಜಾರಿಗೆ ತಂದಿತು: ಅರ್ಹ ತಜ್ಞರು ಹೊಣೆ ಹೊರದ ಸಂಪನ್ಮೂಲದ ಅಂಕಿ ಹೊರಬೀಳುವಂತಿಲ್ಲ.

ನಿಯಮ ಸುಳ್ಳನ್ನು ತಡೆಯಬಹುದು, ಅಂದಾಜಿನ ತಪ್ಪನ್ನಲ್ಲ. ಬ್ರಿಟಿಷ್ ಕೊಲಂಬಿಯಾದ ಬ್ರೂಸ್‌ಜ್ಯಾಕ್‌ನಲ್ಲಿ ಚಿನ್ನ ಅಲ್ಲಲ್ಲಿ ಗಟ್ಟಿಯಾಗಿ ಕೂತಿದೆ. 2013ರಲ್ಲಿ ಅದೇ ಸ್ಟ್ರಾಥ್‌ಕೋನಾ ಅಲ್ಲಿನ ಸಂಪನ್ಮೂಲದ ಅಂಕಿ ನಂಬಲರ್ಹವಲ್ಲ ಎಂದು ಪರಿಶೀಲನೆಯ ಕೆಲಸದಿಂದ ಹೊರಬಂದಿತು, ಷೇರು ಕುಸಿಯಿತು. ಬಳಿಕ 10,000 ಟನ್ ಬಂಡೆ ಅರೆದಾಗ ನಿರೀಕ್ಷಿಸಿದ 4,000 ಔನ್ಸಿನ ಬದಲು 5,800ಕ್ಕೂ ಹೆಚ್ಚು ಸಿಕ್ಕಿತು. 2017ರಲ್ಲಿ ಗಣಿ ತೆರೆಯಿತು. ಆಮೇಲೆ ಅಂದಾಜನ್ನು ಮತ್ತೆ ಇಳಿಸಬೇಕಾಯಿತು. ಅಂಕಿಯನ್ನು ನಂಬಿದವರು, ನಂಬದವರು, ಇಬ್ಬರ ಮಾತಿನಲ್ಲೂ ಹುರುಳಿತ್ತು.

ಇಂದು ಪೇಟೆಯಲ್ಲಿ ಹೆಚ್ಚು ಓಡುವ ಅಳತೆ, ಕಂಪನಿಯ ಮೌಲ್ಯವನ್ನು ಔನ್ಸುಗಳಿಂದ ಭಾಗಿಸುವುದು. ನನಗೆ ಇದರಲ್ಲಿ ನಂಬಿಕೆಯಿಲ್ಲ. ಟನ್ನಿಗೆ ಒಂದು ಗ್ರಾಂ ಇರುವ ಕಡೆ 10 ಲಕ್ಷ ಔನ್ಸ್ ಎಂದರೆ 3.1 ಕೋಟಿ ಟನ್ ಅದಿರು. ಅದು ಬಯಲಲ್ಲಿದೆಯೋ ಆಳದಲ್ಲಿದೆಯೋ, ಅರೆದಾಗ ಎಷ್ಟು ಪಾಲು ಕೈಗೆ ಬರುತ್ತದೆ, ರಸ್ತೆ, ನೀರು, ವಿದ್ಯುತ್ ಎಲ್ಲಿಂದ ಎಂಬುದನ್ನು ಆ ಭಾಗಾಕಾರ ಕೇಳುವುದೇ ಇಲ್ಲ. ಮುಂದಿನ ಆದಾಯವನ್ನು ಇಂದಿನ ಬೆಲೆಗೆ ಇಳಿಸುವ ಲೆಕ್ಕ ಇದಕ್ಕಿಂತ ಮೇಲು. ಆದರೂ ಹತ್ತು ವರ್ಷ ಆಚೆಯ ನೂರು ರೂಪಾಯಿ ಶೇಕಡ 5ರ ದರದಲ್ಲಿ 61 ಆಗುತ್ತದೆ, ಶೇಕಡ 10ರಲ್ಲಿ 39. ದರ ಆರಿಸಿದವರು ಯಾರೆಂದು ಮೊದಲು ನೋಡಬೇಕು. ವಿಶ್ವ ಚಿನ್ನ ಮಂಡಳಿ 2013ರಲ್ಲಿ ತಂದ ಒಟ್ಟು ನಿರ್ವಹಣಾ ವೆಚ್ಚದ ಅಳತೆ ಗಣಿಗಳ ನಿಜವಾದ ಖರ್ಚನ್ನು ಹೆಚ್ಚು ಪ್ರಾಮಾಣಿಕವಾಗಿ ಹೇಳುತ್ತದೆ, ಆದರೆ ಗಣಿ ಕಟ್ಟುವ ಹಣ ಅದರೊಳಗಿಲ್ಲ. ಆ ಹಣಕ್ಕಾಗಿ 10 ಕೋಟಿ ಷೇರು 30 ಕೋಟಿಯಾದರೆ ಹಳಬರ ಪಾಲು ಮೂರನೇ ಒಂದಾಗುತ್ತದೆ.

ಇನ್ನು ಪರವಾನಗಿ. ಹಾವೇರಿ ಜಿಲ್ಲೆಯ ಗಣಜೂರಿನಲ್ಲಿ ಡೆಕ್ಕನ್ ಗೋಲ್ಡ್ ಮೈನ್ಸ್ ಬಳಗ ಚಿನ್ನ ಪತ್ತೆಮಾಡಿ ಗುತ್ತಿಗೆಗಾಗಿ ವರ್ಷಗಟ್ಟಲೆ ಕಾಯಿತು. 2015ರಲ್ಲಿ ಹರಾಜು ಪದ್ಧತಿ ಬಂತು. ಬಾಕಿ ಉಳಿದ ಹಳೆಯ ಹಕ್ಕುಗಳನ್ನು 2021ರ ತಿದ್ದುಪಡಿ ರದ್ದುಮಾಡಿತು. ಕೊರೆತದ ಯಾವ ಫಲಿತಾಂಶವೂ ಇದನ್ನು ಮುಂಗಾಣಲಾರದು.

ಇಂಥ ಷೇರು ಕೊಳ್ಳುವವರು ಪತ್ರಿಕಾ ಪ್ರಕಟಣೆಯನ್ನು ಬದಿಗಿಟ್ಟು ತಾಂತ್ರಿಕ ವರದಿಯನ್ನೇ ತೆರೆಯಿರಿ. ಔನ್ಸುಗಳಲ್ಲಿ ಬರೀ ಊಹೆಯ ದರ್ಜೆಯವು ಎಷ್ಟು, ಗಣಿ ಕಟ್ಟುವ ಹೊತ್ತಿಗೆ ಷೇರುಗಳು ಎಷ್ಟಾಗಬಹುದು ಎಂಬ ಎರಡು ಅಂಕಿ ಸಿಗುವ ತನಕ ಹಣ ಕೊಡಬೇಡಿ.