ಕಮಾಂಡ್ ಟೈಪ್ ಮಾಡಿ ಪ್ಲಗಿನ್ ಹಾಕಿದರೆ ಕಂಪ್ಯೂಟರ್ ಹ್ಯಾಕ್ ಆಗುತ್ತದೆಯೇ?

ಹೇಳಿಕೆ: ಕಮಾಂಡ್ ಟೈಪ್ ಮಾಡುವುದೆಲ್ಲ ಹ್ಯಾಕರ್‌ಗಳ ಕೆಲಸ, ಹಾಗೆ ಪ್ಲಗಿನ್ ಹಾಕಿದರೆ ಕಂಪ್ಯೂಟರ್ ಹ್ಯಾಕ್ ಆಗುತ್ತದೆ.

ವಾಸ್ತವ: ಅರ್ಧ ಸತ್ಯ. ಕಮಾಂಡ್ ಏನನ್ನು, ಎಲ್ಲಿಂದ ತರುತ್ತದೆ ಎಂಬುದು ಮುಖ್ಯ.

ಲಾಂಚರ್ ಎಂದರೇನು?
ಹೆಸರಿನ ಎರಡು ಅಕ್ಷರ ಟೈಪ್ ಮಾಡಿದೊಡನೆ ಆ್ಯಪ್ ಅಥವಾ ಫೈಲ್ ಹುಡುಕಿಕೊಡುವ ತಂತ್ರಾಂಶವೇ ಲಾಂಚರ್. ವಿಂಡೋಸ್‌ಗೆ ಉಚಿತವಾಗಿ ಸಿಗುವ ಫ್ಲೋ ಲಾಂಚರ್ ಇದಕ್ಕೊಂದು ಉದಾಹರಣೆ. ಆಲ್ಟ್ ಮತ್ತು ಸ್ಪೇಸ್ ಕೀ ಒಟ್ಟಿಗೆ ಒತ್ತಿದರೆ ಅದರ ಹುಡುಕಾಟದ ಪೆಟ್ಟಿಗೆ ತೆರೆಯುತ್ತದೆ. ಅಲ್ಲಿ ಇಂಗ್ಲಿಷ್‌ನಲ್ಲಿ ‘ಪಿಎಂ ಇನ್‌ಸ್ಟಾಲ್’ ಎಂದು ಬರೆದರೆ ಪ್ಲಗಿನ್‌ಗಳ ಪಟ್ಟಿ ಬರುತ್ತದೆ. ‘ಪಿಎಂ ಅನ್‌ಇನ್‌ಸ್ಟಾಲ್’ ಬೇಡದ್ದನ್ನು ತೆಗೆಯಲು, ‘ಪಿಎಂ ಅಪ್‌ಡೇಟ್’ ಹೊಸ ಆವೃತ್ತಿ ತರಲು. ಪ್ಲೇ ಸ್ಟೋರ್‌ನಲ್ಲಿ ಬಟನ್ ಒತ್ತಿ ಮಾಡುವ ಕೆಲಸವೇ ಇಲ್ಲಿ ಟೈಪ್ ಮಾಡಿ ಆಗುತ್ತದೆ, ಅಷ್ಟೇ.

ಹಾಗಾದರೆ ಅಪಾಯ ಎಲ್ಲಿದೆ?
ಪ್ಲಗಿನ್ ಎಂದರೆ ಬೇರೆಯವರು ಬರೆದ ಪ್ರೋಗ್ರಾಂ. ಫೋನಿನ ಆ್ಯಪ್‌ನಂತೆ ಅದು ಪ್ರತಿಯೊಂದಕ್ಕೂ ಅನುಮತಿ ಕೇಳುವುದಿಲ್ಲ. ನೀವು ತೆರೆಯಬಲ್ಲ ಫೈಲನ್ನು ಅದೂ ಓದಬಲ್ಲದು.

ಇದಕ್ಕಿಂತ ದೊಡ್ಡ ಅಪಾಯ, ಅಪರಿಚಿತರು ಕೊಟ್ಟ ಕಮಾಂಡನ್ನು ಪೇಸ್ಟ್ ಮಾಡುವುದು. ‘ನೀವು ರೋಬಾಟ್ ಅಲ್ಲವೆಂದು ತೋರಿಸಲು ವಿಂಡೋಸ್ ಮತ್ತು ಆರ್ ಕೀ ಒತ್ತಿ, ಪೇಸ್ಟ್ ಮಾಡಿ, ಎಂಟರ್ ಒತ್ತಿ’ ಎಂದು ಯಾವುದಾದರೂ ಜಾಲತಾಣ ಹೇಳಿದರೆ ಅದು ‘ಕ್ಲಿಕ್‌ಫಿಕ್ಸ್’ ಎಂಬ ವಂಚನೆ. ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂ ನಿಮ್ಮ ಕೈಯಿಂದಲೇ ಒಳಗೆ ಬರುತ್ತದೆ.

ಏನು ಮಾಡಬೇಕು?
• ಲಾಂಚರ್‌ನ ಸ್ವಂತ ಪಟ್ಟಿಯಲ್ಲಿರುವ ಪ್ಲಗಿನ್ ಮಾತ್ರ ಹಾಕಿ, ಬಳಸದಿದ್ದನ್ನು ತೆಗೆಯಿರಿ.
• ಅರ್ಥವಾಗದ ಕಮಾಂಡನ್ನು ಪೇಸ್ಟ್ ಮಾಡಬೇಡಿ.
• ಅಂಥ ಕಮಾಂಡ್ ಇರುವ ಸಂದೇಶವನ್ನು ಫಾರ್ವರ್ಡ್ ಕೂಡ ಮಾಡಬೇಡಿ.