ಊರ ದೈವ ಯಾರ ಕಡೆ ಕೂತಿತ್ತು?

ನಮ್ಮ ಸೀಮೆಯ ಚರಿತ್ರೆ ಬರೆದವರು ಕೋಟೆ ಕಂಡರು, ವಾಡೆ ಕಂಡರು. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ನರಗುಂದದ ಬಾಬಾಸಾಹೇಬನನ್ನು ಕಂಡರು. ಗಜೇಂದ್ರಗಡದ ಘೋರ್ಪಡೆಯವರನ್ನು ಕಂಡರು. ಕೇರಿಯ ಗುಡಿಸಲಲ್ಲಿ ಇನ್ನೂ ಆಡುವ ವಯಸ್ಸಿನ ಹುಡುಗಿಯ ಕೊರಳಿಗೆ ಮುತ್ತು ಕಟ್ಟಿದ ದಿನ ಮಾತ್ರ ಅವರ ಕಣ್ಣಿಗೆ ಬೀಳಲಿಲ್ಲ. ಆ ಪುಟವನ್ನು ನಾವೇ ಬರೆಯಬೇಕಾಗಿದೆ.

ರೋಣ, ನರಗುಂದ, ಗಜೇಂದ್ರಗಡದ ಕಡೆ ಊರ ಹಿರಿಯರು ಕೂಡುವುದಕ್ಕೆ 'ದೈವ' ಅಂತಾರೆ. ದೇವರಿಗೂ ಅದೇ ಮಾತು, ಪಂಚರಿಗೂ ಅದೇ ಮಾತು. ಗೌಡ, ಕುಲಕರ್ಣಿ, ಸಾಹುಕಾರರು ಕಟ್ಟೆಯ ಮೇಲೆ. ಕೇರಿಯವರು ಕೆಳಗೆ, ದೂರ, ಕೈಕಟ್ಟಿಕೊಂಡು. ಯಾರ ಎತ್ತು ಯಾರ ಹೊಲ ಮೇಯ್ತು, ಯಾರಿಗೆಷ್ಟು ದಂಡ, ಜಾತ್ರೆ ಎಂದು, ಎಲ್ಲ ಅಲ್ಲೇ ತೀರ್ಮಾನ. ಮುತ್ತು ಕಟ್ಟುವುದು ಕದ್ದು ಮಾಡುವ ಕೆಲಸವಾಗಿರಲಿಲ್ಲ. ಊರಿಗೆ ಗೊತ್ತಿತ್ತು, ದೈವಕ್ಕೆ ಗೊತ್ತಿತ್ತು. ತಲೆಗೂದಲು ಜಡೆಗಟ್ಟಿದರೆ ಎಲ್ಲಮ್ಮ ಕರೆದಳು ಅಂದರು. ಗಂಡುಮಗ ಇಲ್ಲದ ಮನೆಯಲ್ಲಿ ಮಗಳನ್ನೇ ದೇವರಿಗೆ ಬಿಟ್ಟು ಮನೆಯಲ್ಲಿ ಉಳಿಸಿಕೊಂಡರು. ಹೆಸರು ದೇವರದು, ಉಂಡವರು ಉಳ್ಳವರು.

ಕಾನೂನು ಬರಲಿಲ್ಲವೆ? ಬಂತು. ಈ ಸೀಮೆ ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯೊಳಗಿತ್ತು. 1930ರಿಂದ ಶಾರದಾ ಕಾಯ್ದೆ ಬಾಲ್ಯವಿವಾಹವನ್ನು ಅಪರಾಧವೆಂದಿತು. ಆದರೆ ಯಾರಾದರೂ ಕೋರ್ಟಿಗೆ ಹೋಗಿ ಫಿರ್ಯಾದಿ ಕೊಟ್ಟರೆ ಮಾತ್ರ ಅದಕ್ಕೆ ಕಣ್ಣು ತೆರೆಯುತ್ತಿತ್ತು. 1934ರಲ್ಲಿ ಮುಂಬಯಿಯ ದೇವದಾಸಿ ಸಂರಕ್ಷಣಾ ಕಾಯ್ದೆ ಬಂತು. ಗೌಡರ ಹೊಲದಾಗ ದುಡಿಯೋವಾ ಗೌಡರ ಮ್ಯಾಲ ಫಿರ್ಯಾದಿ ಹ್ಯಾಂಗ ಕೊಡಬೇಕು? ಮರುದಿನದ ಕೂಲಿ ಯಾರು ಕೊಡಬೇಕು? ಕರ್ನಾಟಕದ 1982ರ ಕಾಯ್ದೆ ಬಿಗಿಯಾಯಿತು, ನಿಜ. ಆದರೆ ಹೆಚ್ಚಿನ ಶಿಕ್ಷೆ ಯಾರಿಗೆ? ಹೆತ್ತವರಿಗೆ, ಎರಡರಿಂದ ಐದು ವರ್ಷ. ಆ ಹುಡುಗಿಯನ್ನು ಮುಂದೆ ಇಟ್ಟುಕೊಂಡ ಸಾಹುಕಾರನನ್ನು ಆ ಕಲಮು ಹುಡುಕಲಿಲ್ಲ. 1993-94 ಮತ್ತು 2007-08ರ ಸಮೀಕ್ಷೆಗಳು ರಾಜ್ಯದಲ್ಲಿ 46,660 ದೇವದಾಸಿಯರನ್ನು ಎಣಿಸಿದವು. ಇಷ್ಟು ತಾಯಂದಿರ ಲೆಕ್ಕ ಸಿಕ್ಕಿತು. ಬಳಸಿಕೊಂಡ ಗಂಡಸರ ಲೆಕ್ಕ?

ಕೂಡಲು ಬಾರದ ಜನ ನಾವಲ್ಲ. 1980ರ ಜುಲೈ 21ರಂದು ಮಲಪ್ರಭೆಯ ನೀರಿನ ಕರದ ವಿರುದ್ಧ ನರಗುಂದ, ನವಲಗುಂದದ ರೈತರು ಎದ್ದರು. ಗುಂಡೇಟು ತಿಂದರು. ರಾಜ್ಯವೇ ಅಲುಗಿತು. ಹೊಲದ ಮೇಲಿನ ಕರಕ್ಕೆ ಊರೂರು ಒಂದಾಯಿತು. ಕೇರಿಯ ಮಗುವಿನ ಮೈಮೇಲೆ ತಲೆತಲಾಂತರದಿಂದ ಹೇರಿದ ಕರಕ್ಕೆ ಹಾಗೆ ಒಂದಾಗಿದ್ದೇವೆಯೆ? ಈ ಪ್ರಶ್ನೆಯನ್ನು ನಾವು ನಮಗೇ ಕೇಳಿಕೊಳ್ಳಬೇಕು.

ಇನ್ನೊಂದು ಸತ್ಯ ನೋಡಿ. ಕಾನೂನು ಬಂದ ಮೇಲೆ ಈ ಕೆಲಸ ಗಡಿ ದಾಟುವುದನ್ನು ಕಲಿಯಿತು. ನರಗುಂದ ದಾಟಿದರೆ ಬೆಳಗಾವಿ ಜಿಲ್ಲೆಯ ಸವದತ್ತಿ. ರೋಣ ದಾಟಿದರೆ ಬಾಗಲಕೋಟೆಯ ಬಾದಾಮಿ. ಗಜೇಂದ್ರಗಡದ ಆಚೆ ಕೊಪ್ಪಳ ಜಿಲ್ಲೆ. ಈ ಊರಲ್ಲಿ ತಡೆದ ಮದುವೆಯನ್ನು ಆ ಊರ ಗುಡಿಯಲ್ಲಿ ಮುಗಿಸಬಹುದು. ದುಡಿಯಲು ಗೋವೆಗೆ, ಮಂಗಳೂರಿಗೆ ಹೋದ ಕುಟುಂಬದ ಹುಡುಗಿ ಯಾವ ಹಾಜರಿ ಪುಸ್ತಕದಲ್ಲೂ ಉಳಿಯುವುದಿಲ್ಲ. ಅನ್ಯಾಯಕ್ಕೆ ಗಡಿಯಿಲ್ಲ, ಪಂಚಾಯ್ತಿಗೆ ಮಾತ್ರ ಗಡಿ! ಊರೂರಿನ ಪಂಚಾಯ್ತಿಗಳು ಒಂದಕ್ಕೊಂದು ಸುದ್ದಿ ಮುಟ್ಟಿಸದಿದ್ದರೆ ಯಾವ ಸಮಿತಿಯೂ ಕಾಗದದ ಸಮಿತಿಯೇ.

ದಾರಿ ತೋರಿದವರು ಇದ್ದಾರೆ. ಘಟಪ್ರಭೆಯಲ್ಲಿ ದೇವದಾಸಿಯರಾಗಿದ್ದ ಹೆಣ್ಣುಮಕ್ಕಳೇ 1997ರಲ್ಲಿ 'ಮಾಸ್' ಸಂಸ್ಥೆ ಕಟ್ಟಿ ತಮ್ಮೂರುಗಳಲ್ಲಿ ಮುತ್ತು ಕಟ್ಟುವುದಕ್ಕೆ ಕಾವಲು ನಿಂತರು. ಕುಂದಾಪುರ ತಾಲೂಕಿನ ಕೆರಾಡಿಯಲ್ಲಿ 1990ರ ದಶಕದಲ್ಲಿ ಮಕ್ಕಳೇ ಆರಿಸಿದ ಮಕ್ಕಳ ಪಂಚಾಯ್ತಿ ನಡೆಯಿತು. ಮುಂದೆ ಸರ್ಕಾರ ಗ್ರಾಮ ಪಂಚಾಯ್ತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸಲು ಹೇಳಿತು. ಎರಡರಲ್ಲೂ ಒಂದು ಪಾಠವಿದೆ: ನೊಂದವರು ಕಟ್ಟೆಯ ಮೇಲೆ ಕೂತಾಗ ದೈವ ಬದಲಾಗುತ್ತದೆ.

ಇವತ್ತು ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ, ಮುಖ್ಯೋಪಾಧ್ಯಾಯರು ಬಾಲ್ಯವಿವಾಹ ನಿಷೇಧಾಧಿಕಾರಿಗಳೂ ಹೌದು. 2016ರ ಕರ್ನಾಟಕ ತಿದ್ದುಪಡಿಯಂತೆ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. 2012ರ ಪೋಕ್ಸೊ ಕಾಯ್ದೆಯಂತೆ ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಿದ್ದೂ ತಿಳಿಸದೆ ಇರುವುದೇ ಅಪರಾಧ. ಅಂದರೆ, 'ಊರ ಮರ್ಯಾದಿ ಹೊಕ್ಕೈತಿ, ನಮ್ಮನಮ್ಮೊಳಗ ಬಗಿಹರಿಸೋಣು' ಅಂತ ರಾಜಿ ಮಾಡಿಸುವ ಹಿರಿಯನ ಮಾತಿಗೆ ಇನ್ನು ಬೆಲೆಯಿಲ್ಲ. ದಂಡದ ದುಡ್ಡಿನಿಂದ ಮಗುವಿನ ಗಾಯ ಮಾಯುವುದಿಲ್ಲ.

ಗೆಳೆಯರೆ, ಹಳ್ಳಿಯ ಮಾಸ್ತರರೆ, ಒಂದು ಹುಡುಗಿ ಮೂರು ದಿನ ಶಾಲೆಗೆ ಬರದಿದ್ದರೆ ಮೊದಲು ಗೊತ್ತಾಗುವುದು ನಿಮಗೆ. ಅಂಗನವಾಡಿ ಅಕ್ಕನಿಗೆ ಹೇಳಿ, ಶಾಲಾಭಿವೃದ್ಧಿ ಸಮಿತಿ ಕರೆಯಿರಿ, ಪಂಚಾಯ್ತಿಗೆ ಬರೆದು ಕೊಡಿ, 1098ಕ್ಕೆ ಫೋನು ಮಾಡಿ, ಪಕ್ಕದ ತಾಲೂಕಿಗೂ ಸುದ್ದಿ ಮುಟ್ಟಿಸಿ. ಆ ಸಭೆಯಲ್ಲಿ ಕೇರಿಯ ತಾಯಂದಿರಿಗೆ ಚಾಪೆಯ ನಡುವೆ ಜಾಗ ಕೊಡಿ, ಬಾಗಿಲ ಹೊರಗಲ್ಲ. ದೈವ ಇಷ್ಟು ಕಾಲ ಉಳ್ಳವರ ಕಡೆ ಕೂತಿತ್ತು. ಅದನ್ನು ಮಗುವಿನ ಕಡೆ ಕೂಡಿಸುವುದು ನಮ್ಮ ಕೆಲಸ.