ಬೀದರಿನ ವರ್ತಕ ಮಂತ್ರಿ

ಪಾರಸೀಕ ಕೊಲ್ಲಿಯ ಬಾಯಲ್ಲಿರುವ ಹೊರ್ಮುಜ್ ದ್ವೀಪದಲ್ಲಿ ಕುಡಿಯುವ ನೀರಿಗೂ ಬರ. ಆದರೂ 15ನೆಯ ಶತಮಾನದಲ್ಲಿ ಕುದುರೆಯ ವ್ಯಾಪಾರದಿಂದ ಅದು ಸಿರಿವಂತವಾಗಿದ್ದಿತು. ಆ ಮಾರ್ಗವಾಗಿ ಬಂದ ರಷ್ಯಾದ ವರ್ತಕ ನಿಕಿತಿನನು ತನ್ನ ಕುದುರೆಯನ್ನು ಬೀದರಿನಲ್ಲಿ ಮಾರಿದನು. ಅಂದು ಅಲ್ಲಿ ಮಂತ್ರಿಯಾಗಿದ್ದ ಮಹಮೂದ್ ಗವಾನನೂ ಕಡಲು ದಾಟಿ ಬಂದ ವರ್ತಕನೇ. ವ್ಯಾಪಾರದ ಲಾಭದಲ್ಲಿ ತನ್ನ ಊಟ ಬಟ್ಟೆಗೆ ಬೇಕಾದಷ್ಟನ್ನಿಟ್ಟುಕೊಂಡು ಮಿಕ್ಕುದನ್ನು ಅವನು ಬಡವರಿಗೆ ಹಂಚುತ್ತಿದ್ದನೆಂದು ಫಿರಿಸ್ತಾ ಬರೆದಿರುವನು. 1472ರಲ್ಲಿ ವಿದ್ಯಾಶಾಲೆಯೊಂದನ್ನೂ ಕಟ್ಟಿಸಿದನು. 1481ರಲ್ಲಿ ಕೂಟಪತ್ರವೊಂದನ್ನು ನಂಬಿ ಸುಲ್ತಾನನು ಅವನನ್ನು ಕೊಲ್ಲಿಸಿದನು. ಬೊಕ್ಕಸವನ್ನು ಶೋಧಿಸಿದರೆ ಹೊನ್ನಿನ ರಾಶಿ ದೊರೆಯಲಿಲ್ಲ. ಮುಂದೆ ಸಿಡಿಮದ್ದಿನಿಂದ ಶಾಲೆಯ ಒಂದು ಭಾಗವೂ ಕೆಡೆಯಿತು. ಸಂತಪುರ, ಭಾಲ್ಕಿಗಳಿಂದ ಬೀದರಿಗೆ ಬರುವ ನಾವು ಉಳಿದ ಮಿನಾರನ್ನು ಇಂದಿಗೂ ಕಾಣುತ್ತೇವೆ. ಬೊಕ್ಕಸದಲ್ಲಿ ಕಾಣದಿದ್ದ ಹೊನ್ನು ಎಲ್ಲಿ ಹೋಯಿತೆಂಬುದಕ್ಕೆ ಅದೇ ಸಾಕ್ಷಿ.